ಜೀವಮೂಲದ ಅರ್ಥವ್ಯವಸ್ಥೆ: ಸಂಶೋಧನಾ ನೀತಿ ಮತ್ತು ಠಾಣೆ ಜಿಲ್ಲೆಯ ಸಾಕ್ಷ್ಯ

೧. ಪ್ರವೇಶ

೨೦೨೪ರ ಆಗಸ್ಟ್ ೨೪ರಂದು ಕೇಂದ್ರ ಸಚಿವ ಸಂಪುಟವು ‘ಬಯೋ-ಇ ತ್ರೀ’ ಎಂಬ ನೀತಿಗೆ ಒಪ್ಪಿಗೆ ನೀಡಿತು. ಅರ್ಥವ್ಯವಸ್ಥೆ, ಪರಿಸರ, ಉದ್ಯೋಗ ಎಂಬ ಮೂರು ಮಾತುಗಳ ಇಂಗ್ಲಿಷ್ ರೂಪಗಳು ಒಂದೇ ಅಕ್ಷರದಿಂದ ಆರಂಭವಾಗುವುದರಿಂದ ನೀತಿಗೆ ಈ ಹೆಸರು ಬಂದಿದೆ. ೧೯೮೬ರಲ್ಲಿ ಸ್ಥಾಪನೆಯಾದ ಜೈವಿಕ ತಂತ್ರಜ್ಞಾನ ಇಲಾಖೆಯು ಇದರ ಹೊಣೆ ಹೊತ್ತಿದೆ. ಇಂದು ಕಲ್ಲೆಣ್ಣೆಯಿಂದ ಪಡೆಯುತ್ತಿರುವ ರಾಸಾಯನಿಕ, ಪ್ಲಾಸ್ಟಿಕ್, ಇಂಧನ ಮೊದಲಾದವನ್ನು ಸೂಕ್ಷ್ಮಜೀವಿ, ಕಿಣ್ವ, ಬೆಳೆ ಹಾಗೂ ಬೆಳೆಯ ಉಳಿಕೆಗಳಿಂದ ಪಡೆಯುವ ಉದ್ಯಮವನ್ನು ದೇಶದಲ್ಲಿ ಕಟ್ಟುವುದು ಮತ್ತು ಅದಕ್ಕೆ ಬೇಕಾದ ಸಂಶೋಧನೆಗೆ ಬೆಂಬಲ ಕೊಡುವುದು ಇದರ ಉದ್ದೇಶ. ಜೀವಮೂಲದ ರಾಸಾಯನಿಕ, ಪಾಲಿಮರ್ ಮತ್ತು ಕಿಣ್ವಗಳು; ಹೊಸ ಬಗೆಯ ಪ್ರೋಟೀನ್ ಆಹಾರಗಳು; ನಿಖರ ಜೈವಿಕ ಔಷಧಗಳು; ಹವಾಮಾನದ ಏರುಪೇರನ್ನು ತಾಳಬಲ್ಲ ಕೃಷಿ; ಇಂಗಾಲವನ್ನು ಹಿಡಿದು ಬಳಸುವುದು; ಸಾಗರ ಮತ್ತು ಬಾಹ್ಯಾಕಾಶ ಸಂಶೋಧನೆ ಎಂದು ಆರು ಕ್ಷೇತ್ರಗಳನ್ನು ನೀತಿಯು ಗುರುತಿಸಿದೆ.

ಸಾಹಿತ್ಯಕ್ಕೆ ಮೀಸಲಾದ ಪೀಠದ ಪತ್ರಿಕೆಯಲ್ಲಿ ಇಂಥ ವಿಷಯವೇಕೆ ಎಂಬ ಪ್ರಶ್ನೆ ವಾಚಕರಲ್ಲಿ ಏಳುವುದು ಸಹಜ. ಕನ್ನಡದ ಶಾಸ್ತ್ರಸಾಹಿತ್ಯದ ಪರಂಪರೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ನೀರು ಕಾಣುವ ಬಗೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಅಡುಗೆ, ಪಶುವೈದ್ಯ ಮುಂತಾದುವನ್ನು ಒಂದೇ ಗ್ರಂಥದಲ್ಲಿ ಕೂಡಿಸಿತು. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯವನ್ನು ಕನ್ನಡದಲ್ಲಿ ವಿವರಿಸಿತು. ಗಿಡಮರಗಳಿಂದ ಬದುಕಿಗೆ ಬೇಕಾದುದನ್ನು ಪಡೆಯುವ ಅರಿವು ಜನರ ಭಾಷೆಯಲ್ಲಿ ಇರಬೇಕೆಂಬುದು ಈ ಕವಿಗಳ ನಿಲುವಾಗಿತ್ತು. ಆ ನಿಲುವಿನಿಂದಲೇ ನಾವು ಈ ನೀತಿಯನ್ನು ನೋಡಲು ಯತ್ನಿಸಿದ್ದೇವೆ. ನಮ್ಮ ಪ್ರಧಾನ ಸಾಕ್ಷ್ಯವು ಅಸಂಖ್ಯ ಕನ್ನಡಿಗರು ದುಡಿದು ಬಾಳುತ್ತಿರುವ ಠಾಣೆ ಜಿಲ್ಲೆಯದು; ಅದಕ್ಕೆ ಪೂರಕವಾದ ಮತ್ತೊಂದು ಕರ್ನಾಟಕದ ಹಾವೇರಿ ಸೀಮೆಯದು.

೨. ಎರಡು ಪದಗಳು

ಈ ಚರ್ಚೆಯಲ್ಲಿ ಎರಡು ವಿಶೇಷಣಗಳು ಸದಾ ಜೊತೆಯಾಗಿ ಬರುತ್ತವೆ. ಒಂದು ‘ಜೈವಿಕ’, ಇನ್ನೊಂದು ‘ಸುಸ್ಥಿರ’. ಮೊದಲನೆಯದನ್ನು ನಾವು ಇಲ್ಲಿ ‘ಜೀವಮೂಲದ’ ಎಂದು ಕರೆಯುತ್ತೇವೆ. ವಸ್ತುವೊಂದು ಎಲ್ಲಿಂದ ಬಂತು ಎಂಬುದನ್ನು ಅದು ಹೇಳುತ್ತದೆ. ಎರಡನೆಯದಕ್ಕೆ ನಮ್ಮ ಆಡುನುಡಿಯಲ್ಲಿ ‘ಬಾಳಿಕೆ’ ಎಂಬ ಒಳ್ಳೆಯ ಪದವಿದೆ. ಬಟ್ಟೆ ಬಾಳಿಕೆ ಬಂತು, ಮರಮುಟ್ಟು ಬಾಳಿಕೆ ಬಂತು ಎನ್ನುವಾಗ ನಾವು ವಸ್ತುವಿನ ಹುಟ್ಟನ್ನು ಕುರಿತು ಏನನ್ನೂ ಹೇಳುತ್ತಿಲ್ಲ. ಅದು ಎಷ್ಟು ಕಾಲ, ಹೇಗೆ ನಡೆದುಬಂತು ಎಂಬುದನ್ನು ಹೇಳುತ್ತಿದ್ದೇವೆ. ಮೂಲವನ್ನು ಹೇಳುವ ಪದ ಬೇರೆ, ನಡತೆಯನ್ನು ಹೇಳುವ ಪದ ಬೇರೆ. ನೀತಿಪತ್ರಗಳಲ್ಲಿ ಇವೆರಡೂ ಒಂದರ ಪಕ್ಕ ಒಂದು ನಿಂತು, ಮೊದಲನೆಯದಿದ್ದರೆ ಎರಡನೆಯದು ತಾನಾಗಿಯೇ ಒದಗುವುದೆಂಬ ಭಾವನೆಯನ್ನು ಹುಟ್ಟಿಸುತ್ತವೆ. ಈ ಭಾವನೆ ಸರಿಯಲ್ಲವೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ.

ಈ ವಿಚಾರವು ನಮ್ಮ ದೇಶದಲ್ಲಿ ಮಾತ್ರ ಹುಟ್ಟಿದ್ದಲ್ಲ. ಜರ್ಮನಿ ೨೦೧೦ರಲ್ಲಿ ಸಂಶೋಧನಾ ಕಾರ್ಯತಂತ್ರವೊಂದನ್ನು ರೂಪಿಸಿತು. ೨೦೧೨ರಲ್ಲಿ ಯುರೋಪಿನ ಒಕ್ಕೂಟ ಮತ್ತು ಅಮೆರಿಕ ತಮ್ಮ ತಮ್ಮ ನೀತಿಪತ್ರಗಳನ್ನು ಪ್ರಕಟಿಸಿದವು. ಭಾರತದಲ್ಲಿ ಅದೇ ೨೦೧೨ರಲ್ಲಿ ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗಲು ‘ಬೈರಾಕ್’ ಎಂಬ ಸರ್ಕಾರಿ ಸಂಸ್ಥೆ ಸ್ಥಾಪಿತವಾಯಿತು. ಸರ್ಕಾರಿ ಲೆಕ್ಕದಂತೆ ೨೦೧೪ರಲ್ಲಿ ೧,೦೦೦ ಕೋಟಿ ಡಾಲರುಗಳಷ್ಟಿದ್ದ ಈ ಅರ್ಥವ್ಯವಸ್ಥೆ ೨೦೨೪ರಲ್ಲಿ ೧೬,೫೭೦ ಕೋಟಿ ಡಾಲರುಗಳಿಗೆ ಬೆಳೆದಿದೆ. ೨೦೩೦ಕ್ಕೆ ೩೦,೦೦೦ ಕೋಟಿ ಡಾಲರುಗಳ ಗುರಿಯಿದೆ. ಆದರೆ ಈ ಮೊತ್ತದಲ್ಲಿ ಲಸಿಕೆಯೂ ಇದೆ, ಕಿಣ್ವವೂ ಇದೆ, ಬಿಟಿ ಹತ್ತಿಯೂ ಇದೆ, ಕಬ್ಬಿನ ಎಥನಾಲ್ ಕೂಡ ಇದೆ. ಬೆಳವಣಿಗೆಯನ್ನು ಸೂಚಿಸುವ ಈ ಅಂಕಿಯು ಬಾಳಿಕೆಯನ್ನು ಕುರಿತು ಮೌನವಾಗಿದೆ.

೩. ಮರೆತುಹೋದ ಪೂರ್ವಾಧ್ಯಾಯ

ಜೀವಮೂಲದ ರಾಸಾಯನಿಕ ಉದ್ಯಮವು ಭಾರತಕ್ಕೆ ಹೊಸದೆಂಬಂತೆ ಮಾತನಾಡುವುದು ವಾಡಿಕೆಯಾಗಿದೆ. ಇತಿಹಾಸ ಬೇರೆಯಾಗಿದೆ. ಸ್ವಾತಂತ್ರ್ಯೋತ್ತರದ ಮೊದಲ ದಶಕಗಳಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮದ್ಯಸಾರವನ್ನೂ, ಮದ್ಯಸಾರದಿಂದ ಅಸೆಟಿಕ್ ಆಮ್ಲ ಮೊದಲಾದ ರಾಸಾಯನಿಕಗಳನ್ನೂ ತಯಾರಿಸುವ ಉದ್ಯಮವು ದೇಶದಲ್ಲಿ ಬೆಳೆದಿತ್ತು. ೧೯೬೩ರಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಆರಂಭವಾದ ಕಾರ್ಖಾನೆಯು ಮದ್ಯಸಾರದಿಂದ ಕೃತಕ ರಬ್ಬರನ್ನು ತಯಾರಿಸುತ್ತಿತ್ತು. ಕಬ್ಬಿನ ಗದ್ದೆಯಿಂದ ವಾಹನದ ಗಾಲಿಯವರೆಗೆ ಸಾಗಿದ ಈ ದಾರಿಯನ್ನು ಇಂದಿನ ಪರಿಭಾಷೆಯಲ್ಲಿ ಜೀವಮೂಲದ ಅರ್ಥವ್ಯವಸ್ಥೆಯೆಂದೇ ಕರೆಯಬೇಕಾಗುತ್ತದೆ.

೧೯೬೦ರ ದಶಕದ ಉತ್ತರಾರ್ಧದಲ್ಲಿ ಠಾಣೆ-ಬೇಲಾಪುರ ರಸ್ತೆಯಲ್ಲಿ ನ್ಯಾಫ್ತಾವನ್ನು ಸೀಳುವ ಬೃಹತ್ ಘಟಕ ತಲೆಯೆತ್ತಿತು. ಕಲ್ಲೆಣ್ಣೆಯ ರಸಾಯನವು ಅಗ್ಗವೂ ಯಥೇಚ್ಛವೂ ಆಗಿದ್ದುದರಿಂದ ಮದ್ಯಸಾರದ ರಸಾಯನವು ಕ್ರಮೇಣ ಹಿಂದೆ ಸರಿಯಿತು. ೧೯೯೩ರಲ್ಲಿ ಕಾಕಂಬಿಯ ಬೆಲೆಯ ಮೇಲಿನ ನಿಯಂತ್ರಣ ತೆರವಾದ ಮೇಲೆ ಅದಕ್ಕೆ ಅಗ್ಗದ ಕಚ್ಚಾವಸ್ತುವಿನ ಭರವಸೆಯೂ ಉಳಿಯಲಿಲ್ಲ. ಠಾಣೆ-ಬೇಲಾಪುರ, ಡೊಂಬಿವಲಿ, ಅಂಬರನಾಥ, ಬದಲಾಪುರಗಳ ಉದ್ಯಮವಲಯಗಳು ಬೆಳೆದದ್ದು ಈ ಹೊಸ ರಸಾಯನದ ಯುಗದಲ್ಲಿ. ಅವು ಕೊಟ್ಟ ಉದ್ಯೋಗದಿಂದ ಎಷ್ಟೋ ಕುಟುಂಬಗಳು ನೆಲೆ ಕಂಡವು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ೨೦೧೬ರ ಮೇ ೨೬ರಂದು ಮತ್ತು ೨೦೨೪ರ ಮೇ ೨೩ರಂದು ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳು ಹಲವರ ಪ್ರಾಣವನ್ನು ತೆಗೆದುಕೊಂಡವು. ಇಂಥ ನೆರೆಯಲ್ಲಿ ಬಾಳುವವರಿಗೆ ಜೀವಮೂಲದ ಉದ್ಯಮವೆಂಬ ಮಾತು ಸಹಜವಾಗಿಯೇ ಆಸೆಯನ್ನು ಹುಟ್ಟಿಸುತ್ತದೆ. ಆ ಆಸೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಅದೇ ಜಿಲ್ಲೆಯ ಇನ್ನೊಂದು ಉದ್ಯಮದ ಬೆಳಕಿನಲ್ಲಿ ಪರಿಶೀಲಿಸಬೇಕು.

೪. ಕಲ್ಯಾಣದ ರೇಯಾನ್

ಕಲ್ಯಾಣದ ಸಮೀಪದ ಶಹಾಡ ಮತ್ತು ಮೋಹನೆಗಳಲ್ಲಿ ದೇಶದ ಹೆಸರಾಂತ ರೇಯಾನ್ ಕಾರ್ಖಾನೆಗಳೆರಡು ಬೆಳೆದವು. ರೇಯಾನ್ ಎಂಬುದು ಮರದ ತಿರುಳಿನಿಂದ ತೆಗೆದ ನೂಲು. ಹುಟ್ಟಿನಿಂದ ಅದು ಸಂಪೂರ್ಣ ಜೀವಮೂಲದ ವಸ್ತು. ತಯಾರಿಕೆಯ ಕ್ರಮ ಹೀಗಿದೆ. ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಅದಕ್ಕೆ ಕಾರ್ಬನ್ ಡೈಸಲ್ಫೈಡ್ ಎಂಬ ದ್ರವವನ್ನು ಕೂಡಿಸುತ್ತಾರೆ. ಆಗ ಉಂಟಾದ ವಸ್ತುವನ್ನು ಕರಗಿಸಿದರೆ ಜೇನಿನಂತಹ ಮಂದ ಪಾಕ ಸಿದ್ಧವಾಗುತ್ತದೆ. ಆ ಪಾಕವನ್ನು ಸೂಕ್ಷ್ಮ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಹಾಯಿಸಿದಾಗ ಅದು ನೂಲಾಗಿ ಹೆಪ್ಪುಗಟ್ಟುತ್ತದೆ. ನೂಲಿನಲ್ಲಿ ಮರದ ಅಂಶವೇ ಉಳಿಯುತ್ತದೆ; ನಡುವೆ ಬಂದ ಕಾರ್ಬನ್ ಡೈಸಲ್ಫೈಡ್ ಮತ್ತೆ ಹೊರಬೀಳುತ್ತದೆ. ಅದನ್ನು ಹಿಡಿದಿಡುವ ಏರ್ಪಾಡು ಸಮರ್ಪಕವಾಗಿಲ್ಲದಿದ್ದರೆ ಕಾರ್ಮಿಕನ ಉಸಿರೇ ಅದರ ದಾರಿ.

ಈ ದ್ರವ್ಯವು ನರಗಳನ್ನು, ಮನಸ್ಸನ್ನು, ಹೃದಯವನ್ನು ಕೆಡಿಸುತ್ತದೆಂಬ ಅರಿವು ಹಳೆಯದು. ೧೮೫೬ರಲ್ಲಿಯೇ ಫ್ರಾನ್ಸಿನ ವೈದ್ಯ ದೆಲ್ಪೆಶ್ ರಬ್ಬರ್ ಕೆಲಸಗಾರರಲ್ಲಿ ಇದರ ವಿಷಲಕ್ಷಣಗಳನ್ನು ವರ್ಣಿಸಿದ್ದನು. ದಕ್ಷಿಣ ಕೊರಿಯಾದ ವೊಂಜಿನ್ ರೇಯಾನ್ ಕಾರ್ಖಾನೆಯಲ್ಲಿ ನೂರಾರು ಕಾರ್ಮಿಕರು ಈ ವಿಷಕ್ಕೆ ತುತ್ತಾದುದರಿಂದ ಅದು ೧೯೯೩ರಲ್ಲಿ ಮುಚ್ಚಿತು. ಜಪಾನಿನಿಂದ ಹಳೆಯದಾಗಿ ಬಂದಿದ್ದ ಅದರ ಯಂತ್ರಗಳು ಅನಂತರ ಚೀನಾಕ್ಕೆ ಮಾರಾಟವಾದವು. ಮರವು ಬೆಳೆಯುತ್ತದೆ, ನೂಲು ಮಣ್ಣಿನಲ್ಲಿ ಕರಗುತ್ತದೆ. ಎರಡು ತುದಿಗಳೂ ಹಸಿರಾಗಿವೆ. ದೋಷವಿರುವುದು ನಡುವಿನ ಕ್ರಿಯೆಯಲ್ಲಿ.

ಈ ದೋಷವು ಪರಿಹಾರವಿಲ್ಲದುದಲ್ಲ. ೧೯೯೦ರ ದಶಕದ ಆರಂಭದಿಂದ ಲಯೋಸೆಲ್ ಎಂಬ ನೂಲು ಉದ್ಯಮದ ಮಟ್ಟದಲ್ಲಿ ತಯಾರಾಗುತ್ತಿದೆ. ಅದರಲ್ಲಿ ಕಾರ್ಬನ್ ಡೈಸಲ್ಫೈಡ್ ಬೇಕಾಗಿಲ್ಲ. ಬಳಸಿದ ದ್ರಾವಕದ ಬಹುಪಾಲನ್ನು ಮರಳಿ ಪಡೆಯಬಹುದು. ಹೊಸ ಕ್ರಿಯಾವಿಧಾನವು ಸಂಶೋಧನೆಯ ಫಲ. ಸಂಶೋಧನಾ ನೀತಿಯು ಇಂಥಲ್ಲಿ ತನ್ನ ಸಾರ್ಥಕ್ಯವನ್ನು ಕಾಣಬಲ್ಲುದು. ಹೊಸ ಪದಾರ್ಥವನ್ನು ಕಂಡುಹಿಡಿಯುವವರಿಗೆ ದೊರೆಯುವ ಅನುದಾನ, ಹಳೆಯ ಪದಾರ್ಥದ ತಯಾರಿಕೆಯನ್ನು ನಿರಪಾಯಗೊಳಿಸುವವರಿಗೂ ದೊರೆಯಬೇಕು ಎಂಬುದು ಕಲ್ಯಾಣದ ಮೊದಲ ಪಾಠ. ಎರಡನೆಯ ಪಾಠ ಮೋಹನೆಯದು. ಅಲ್ಲಿಯ ಕಾರ್ಖಾನೆ ೨೦೦೯ರಲ್ಲಿ ನಿಂತುಹೋಯಿತು. ಸಾವಿರಾರು ಕಾರ್ಮಿಕರ ಬಾಕಿಯ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಉದ್ಯೋಗವನ್ನು ತನ್ನ ಹೆಸರಿನಲ್ಲಿಯೇ ಧರಿಸಿರುವ ನೀತಿಯು ಉದ್ಯಮದ ಅಂತ್ಯಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

೫. ಕುಸನೂರಿನ ನೆಲ

ರೇಯಾನಿಗೆ ಬೇಕಾದ ತಿರುಳಿನ ಮೂಲವನ್ನು ಅರಸಿ ಹೊರಟರೆ ನಾವು ಕರ್ನಾಟಕವನ್ನು ಮುಟ್ಟುತ್ತೇವೆ. ತುಂಗಭದ್ರೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ೧೯೭೨ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ರೇಯಾನ್ ದರ್ಜೆಯ ಮರದ ತಿರುಳನ್ನು ತಯಾರಿಸುವ ಕಾರ್ಖಾನೆ. ಅದಕ್ಕೆ ನೀಲಗಿರಿ ಮರವನ್ನು ಒದಗಿಸಲೆಂದು ೧೯೮೪ರಲ್ಲಿ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಜಂಟಿ ಸಂಸ್ಥೆ ಸ್ಥಾಪಿತವಾಯಿತು. ಇದರಲ್ಲಿ ರಾಜ್ಯ ಸರ್ಕಾರದ ಪಾಲು ಶೇಕಡಾ ೫೧, ಕಾರ್ಖಾನೆಯ ಪಾಲು ಶೇಕಡಾ ೪೯. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು ೩೦,೦೦೦ ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಇದಕ್ಕೆ ವಹಿಸುವ ಯೋಜನೆಯಾಯಿತು.

ಸರ್ಕಾರದ ಕಡತಗಳಲ್ಲಿ ಇಂಥ ನೆಲ ‘ಬಂಜರು’. ಹಳ್ಳಿಗರಿಗೆ ಅದು ದನಕರುಗಳ ಹುಲ್ಲು, ಒಲೆಯ ಸೌದೆ, ಬೇಲಿಯ ಮುಳ್ಳು, ಬಡವರ ಆಪತ್ಕಾಲದ ಆಸರೆ. ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ೧೯೮೭ರ ನವೆಂಬರ್ ೧೪ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಧಾರವಾಡ ಸೀಮೆಯ ನುಡಿಯಲ್ಲಿ ‘ಹಚ್ಚು’ ಎಂದರೆ ನೆಡು. ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ೧೯೯೧ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು.

ಈ ಪ್ರಸಂಗವನ್ನು ಕೇವಲ ಚಳವಳಿಯ ಚರಿತ್ರೆಯಾಗಿ ಓದಿದರೆ ಸಾಲದು. ‘ಬಂಜರು’ ಎಂಬ ಪದವು ಮುಂದಿನ ನೀತಿಗಳಲ್ಲಿಯೂ ಮರಳಿ ಬಂದಿದೆ. ೨೦೦೩ರಲ್ಲಿ ಯೋಜನಾ ಆಯೋಗದ ಸಮಿತಿಯು ಜೈವಿಕ ಡೀಸೆಲಿಗಾಗಿ ಜಟ್ರೋಫಾವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಸೂಚಿಸಿದಾಗಲೂ ಇಂಥ ನೆಲವನ್ನೇ ನೆಚ್ಚಲಾಗಿತ್ತು; ಫಸಲು ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲ. ಇದಕ್ಕೆ ಪ್ರತಿಯಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಾಸನದ ಮಡೆನೂರಿನಲ್ಲಿ ಕಟ್ಟಿದ ಜೈವಿಕ ಇಂಧನ ಉದ್ಯಾನವು ಹೊಂಗೆ, ಬೇವು, ಹಿಪ್ಪೆಗಳನ್ನು ರೈತರ ಬದು, ಬೇಲಿಗಳಲ್ಲಿ ಬೆಳೆಸುವ ಮಾರ್ಗವನ್ನು ಹಿಡಿಯಿತು. ಮೊದಲನೆಯದು ನೆಲವನ್ನು ಬರಿದೆಂದು ಭಾವಿಸಿತು. ಎರಡನೆಯದು ನೆಲದ ಮೇಲಿರುವ ಜನರನ್ನು ಎಣಿಸಿ ಆರಂಭಿಸಿತು.

೬. ಎಥನಾಲಿನ ನೀರು

ಜೀವಮೂಲದ ಇಂಧನದಲ್ಲಿ ದೇಶವು ಸಾಧಿಸಿರುವ ವೇಗ ಗಮನಾರ್ಹ. ೨೦೧೮ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಪೆಟ್ರೋಲಿನಲ್ಲಿ ಶೇಕಡಾ ೨೦ರಷ್ಟು ಎಥನಾಲನ್ನು ೨೦೩೦ರೊಳಗೆ ಬೆರೆಸುವ ಗುರಿಯನ್ನಿಟ್ಟಿತು. ೨೦೨೨ರ ತಿದ್ದುಪಡಿಯು ಈ ಗಡುವನ್ನು ೨೦೨೫-೨೬ಕ್ಕೆ ಎಳೆದು ತಂದಿತು. ೨೦೨೫ರಲ್ಲಿ ಗುರಿ ಕೈಗೂಡಿತೆಂದು ಸರ್ಕಾರ ಪ್ರಕಟಿಸಿತು. ಆಮದಾಗುವ ಕಲ್ಲೆಣ್ಣೆಯಲ್ಲಿ ಉಳಿತಾಯ, ಕಬ್ಬು ಬೆಳೆಗಾರರಿಗೆ ಬಾಕಿಹಣ ಬೇಗ ಸಲ್ಲುವುದು ಮುಂತಾದ ಪ್ರಯೋಜನಗಳನ್ನು ಅಲ್ಲಗಳೆಯಲಾಗದು.

ಆದರೂ ೨೦೨೧ರ ನೀತಿ ಆಯೋಗದ ವರದಿಯೇ, ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು ೨,೮೬೦ ಲೀಟರ್ ನೀರು ವ್ಯಯವಾಗುತ್ತದೆಂದು ಲೆಕ್ಕ ಹಾಕಿದೆ. ಕೃಷ್ಣೆ-ಭೀಮೆಯರ ಬಯಲಿನಲ್ಲಿ, ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡೂ ಬರವನ್ನು ಕಂಡಿರುವ ಸೀಮೆಯಲ್ಲಿ, ಈ ಸಂಖ್ಯೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ೨೦೨೩ರ ಡಿಸೆಂಬರಿನಲ್ಲಿ ಸಕ್ಕರೆಯ ಕೊರತೆಯ ಭಯದಿಂದ ಕಬ್ಬಿನ ಹಾಲನ್ನು ಎಥನಾಲಿಗೆ ಬಳಸುವುದನ್ನು ಸರ್ಕಾರವೇ ನಿರ್ಬಂಧಿಸಿತು. ೨೦೨೪ರ ಆಗಸ್ಟಿನಲ್ಲಿ ಆ ನಿರ್ಬಂಧ ತೆರವಾಯಿತು. ಈ ನಡುವೆ ಭಟ್ಟಿಗಳು ಮೆಕ್ಕೆಜೋಳದತ್ತ ತಿರುಗಿದವು; ಮೆಕ್ಕೆಜೋಳವನ್ನು ರಫ್ತು ಮಾಡುತ್ತಿದ್ದ ದೇಶ ೨೦೨೪ರಲ್ಲಿ ಅದನ್ನು ಆಮದು ಮಾಡಿಕೊಂಡಿತು. ಕೋಳಿಸಾಕಣೆಯವರಿಗೆ ಮೇವು ತುಟ್ಟಿಯಾಯಿತು. ಹೊಲದ ಒಂದು ಬೆಳೆಯನ್ನು ಎಳೆದರೆ ಊಟದ ಎಲೆಯವರೆಗೂ ಅದರ ಸೆಳೆತ ಮುಟ್ಟುತ್ತದೆ.

೭. ಉಳಿಕೆ ಯಾರದು?

ಆಹಾರದ ಬೆಳೆಯನ್ನು ಬಿಟ್ಟು ಉಳಿಕೆಯನ್ನು ಬಳಸುವುದು ಇದಕ್ಕೆ ಸೂಚಿತವಾಗಿರುವ ಪರಿಹಾರ. ಮುಂಬಯಿಯ ಮಾಟುಂಗಾದಲ್ಲಿ ೧೯೩೩ರಿಂದ ನಡೆದುಬಂದಿರುವ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಇಂಧನ ಜೀವವಿಜ್ಞಾನ ಕೇಂದ್ರವಿದೆ. ಹುಲ್ಲು, ಕಾಂಡ ಮೊದಲಾದುವುಗಳಿಂದ ಎಥನಾಲ್ ತೆಗೆಯುವ ಅದರ ವಿಧಾನವನ್ನು ಆಧರಿಸಿದ ಪ್ರಾತ್ಯಕ್ಷಿಕೆ ಘಟಕವು ೨೦೧೬ರಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ ಆರಂಭವಾಯಿತು. ಹರಿಯಾಣದ ಪಾಣಿಪತದಲ್ಲಿ ೨೦೨೨ರ ಆಗಸ್ಟ್ ೧೦ರಂದು ಉದ್ಘಾಟನೆಗೊಂಡ ಮತ್ತೊಂದು ಘಟಕದ ಉದ್ದೇಶವು ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲಿನಿಂದ ಮೂರು ಕೋಟಿ ಲೀಟರ್ ಎಥನಾಲ್ ತೆಗೆಯುವುದು. ಹೊಲದಲ್ಲಿಯೇ ಸುಟ್ಟು ದಿಲ್ಲಿಯ ಗಾಳಿಯನ್ನು ಕೆಡಿಸುವ ಹುಲ್ಲು ಹೀಗೆ ಸಾರ್ಥಕವಾಗುವುದು ಸಂತೋಷದ ಸಂಗತಿ. ಆದರೆ ಹರಿಯಾಣದ ಉಳಿಕೆ ವಿಜಯಪುರದಲ್ಲಿ ಉಳಿಕೆಯಲ್ಲ. ಅಲ್ಲಿ ಜೋಳದ ಕಣಿಕೆಯು ಎತ್ತಿನ ವರ್ಷದ ಮೇವು. ಒಂದೇ ವಿಧಾನವು ಎರಡು ಸೀಮೆಗಳಲ್ಲಿ ಎರಡು ಬಗೆಯ ಫಲವನ್ನು ಕೊಡುತ್ತದೆ.

ನಿಜವಾಗಿಯೂ ಯಾರಿಗೂ ಬೇಡವಾದ ಉಳಿಕೆಯೊಂದು ಠಾಣೆ, ಡೊಂಬಿವಲಿಗಳ ಉಡುಪಿ ಹೋಟೆಲುಗಳಲ್ಲಿದೆ. ವಡೆ, ಬಜ್ಜಿ ಕರಿದು ಮಿಕ್ಕ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ‘ಧ್ರುವೀಯ ಸಂಯುಕ್ತ’ಗಳು ಹೆಚ್ಚುತ್ತವೆ, ಅವು ಶೇಕಡಾ ೨೫ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ ೨೦೧೮ರ ಜುಲೈಯಿಂದ ಜಾರಿಯಲ್ಲಿದೆ. ಅದೇ ವರ್ಷದ ಆಗಸ್ಟಿನಲ್ಲಿ ರಾಷ್ಟ್ರೀಯ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲಾಗಿ ಪರಿವರ್ತಿಸುವ ‘ರುಕೋ’ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ೫೦ ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕವಿಟ್ಟು, ನೋಂದಾಯಿತ ಸಂಗ್ರಾಹಕರಿಗೆ ಒಪ್ಪಿಸಬೇಕು. ಇಲ್ಲಿ ನೆಲ ಬೇಕಾಗಿಲ್ಲ, ನೀರು ಬೇಕಾಗಿಲ್ಲ. ಬಳಸಿದ ಎಣ್ಣೆ ಅಗ್ಗದ ತಿಂಡಿಯಾಗಿ ಬಡವರ ಹೊಟ್ಟೆಯನ್ನು ಸೇರುವುದೂ ತಪ್ಪುತ್ತದೆ. ಸಣ್ಣ ಅಂಗಡಿಗಳ ಹನಿ ಹನಿ ಎಣ್ಣೆಯನ್ನು ಕೂಡಿಸುವ ಬಗೆ ಹೇಗೆ ಎಂಬುದು ಕಿಣ್ವದ ಪ್ರಶ್ನೆಯಷ್ಟೇ ಯೋಗ್ಯವಾದ ಸಂಶೋಧನೆಯ ಪ್ರಶ್ನೆ.

೮. ಅರಿವಿನ ಪಾಲು

ಕೊನೆಯದಾಗಿ ಅರಿವಿನ ವಿಚಾರ. ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಕಾತಕರಿ ಆದಿವಾಸಿಗಳಿದ್ದಾರೆ. ಖೈರ ಮರದಿಂದ ಕಾಚು ತೆಗೆಯುವ ಕಸುಬಿನಿಂದಲೇ ಅವರಿಗೆ ಈ ಹೆಸರು ಬಂದಿತೆನ್ನುತ್ತಾರೆ. ಶಹಾಪುರದ ವನಧನ ಕೇಂದ್ರದ ಮೂಲಕ ಅವರು ಅಮೃತಬಳ್ಳಿಯನ್ನು ಸಂಗ್ರಹಿಸಿ, ದೊಡ್ಡ ಔಷಧ ಕಂಪನಿಗಳಿಗೆ ನೇರವಾಗಿ ಮಾರುವ ವ್ಯವಸ್ಥೆ ರೂಪುಗೊಂಡಿದೆ. ದಲ್ಲಾಳಿಗಳ ಕೈಯಿಂದ ಬಿಡಿಸಿಕೊಂಡ ಈ ವ್ಯಾಪಾರವು ಜೀವಮೂಲದ ಅರ್ಥವ್ಯವಸ್ಥೆಯ ಒಂದು ಒಳ್ಳೆಯ ಮಾದರಿ.

೨೦೦೨ರ ಜೈವಿಕ ವೈವಿಧ್ಯ ಅಧಿನಿಯಮವು ಇಂಥ ಸಸ್ಯ ಮತ್ತು ಅರಿವಿನಿಂದ ಬಂದ ಲಾಭದಲ್ಲಿ ಸಮುದಾಯಗಳಿಗೂ ಪಾಲಿರಬೇಕೆಂದು ವಿಧಿಸಿತು. ೨೦೨೩ರ ತಿದ್ದುಪಡಿಯು ‘ಲಿಪಿಬದ್ಧ ಪಾರಂಪರಿಕ ಜ್ಞಾನ’ವನ್ನು ಬಳಸುವವರಿಗೆ ಲಾಭ ಹಂಚಿಕೆಯಿಂದ ವಿನಾಯಿತಿ ಕೊಟ್ಟಿದೆ. ಲಿಪಿಬದ್ಧವೆಂದರೆ ೧೯೪೦ರ ಔಷಧ ಕಾನೂನಿನ ಮೊದಲ ಅನುಸೂಚಿಯಲ್ಲಿ ಹೆಸರಿಸಿರುವ ಪ್ರಮಾಣಗ್ರಂಥಗಳಿಂದ ಬಂದ ಜ್ಞಾನವೆಂದು ಅರ್ಥ. ಮಧ್ಯಕಾಲೀನ ಶಾಸ್ತ್ರಗ್ರಂಥಗಳನ್ನು ಓದುವ ನಮಗೆ ಇಲ್ಲಿ ಒಂದು ಸಂಗತಿ ಕಾಣುತ್ತದೆ. ಗ್ರಂಥಕಾರನು ಬರೆದಿಟ್ಟ ಅರಿವಿನ ಬಹುಭಾಗ ಗಿಡವನ್ನು ಬಲ್ಲ ಅನಾಮಧೇಯರಿಂದ ಬಂದುದು. ಬರೆದದ್ದು ಎಲ್ಲರದೂ ಆಯಿತು ಎನ್ನುವುದು ನ್ಯಾಯವೇ ಇರಬಹುದು. ಆದರೆ ಬಳ್ಳಿಯನ್ನು ಇಂದಿಗೂ ಕಾಡಿನಲ್ಲಿ ಗುರುತಿಸಿ, ಬೇರು ಸಾಯದಂತೆ ಕೊಯ್ಯುವವನ ಪಾಲು ಅದರಿಂದ ಇಲ್ಲವಾಗಬಾರದು.

೯. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಪರೀಕ್ಷೆಗಳನ್ನು ಸೂತ್ರೀಕರಿಸಬಹುದು. ಒಂದು, ಮೂಲದ ಪರೀಕ್ಷೆ: ಕಚ್ಚಾವಸ್ತು ಯಾರ ನೆಲದಿಂದ, ಎಷ್ಟು ನೀರಿನಿಂದ, ಯಾವ ಹಿಂದಿನ ಬಳಕೆಯನ್ನು ತಪ್ಪಿಸಿ ಬರುತ್ತಿದೆ? ಇದು ಕುಸನೂರಿನ ಪ್ರಶ್ನೆ. ಎರಡು, ಕ್ರಿಯೆಯ ಪರೀಕ್ಷೆ: ತಯಾರಿಕೆಯ ನಡುವೆ ಯಾವ ದ್ರವ್ಯ ಬಳಕೆಯಾಗುತ್ತದೆ, ಅದನ್ನು ಯಾರು ಉಸಿರಾಡುತ್ತಾರೆ? ಇದು ಕಲ್ಯಾಣದ ಪ್ರಶ್ನೆ. ಮೂರು, ಫಲದ ಪರೀಕ್ಷೆ: ಲಾಭ ಯಾರನ್ನು ಮುಟ್ಟುತ್ತದೆ? ಇದು ಶಹಾಪುರದ ಪ್ರಶ್ನೆ. ನೀತಿಯ ಆರು ಕ್ಷೇತ್ರಗಳಲ್ಲಿ ಭೂಮಿಯ ಹಕ್ಕಾಗಲಿ ಕಾರ್ಮಿಕರ ಆರೋಗ್ಯವಾಗಲಿ ಪ್ರತ್ಯೇಕ ಕ್ಷೇತ್ರವಾಗಿ ಸೇರಿಲ್ಲ. ಪ್ರತಿಯೊಂದು ಅನುದಾನದ ಜೊತೆಗೆ ಈ ಮೂರು ಪರೀಕ್ಷೆಗಳಿಗೆ ಮೀಸಲಾದ ಪಾಲೊಂದು ಇರಬೇಕು, ಅದರ ಫಲಿತಾಂಶವು ಬಹಿರಂಗವಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಬಹಿರಂಗವೆಂದರೆ ಜನರು ಓದಬಲ್ಲ ಭಾಷೆಯಲ್ಲಿ. ಡೊಂಬಿವಲಿಯ ಕಾರ್ಮಿಕನಿಗೆ ತನ್ನ ಕಾರ್ಖಾನೆಯ ದ್ರವ್ಯದ ಗುಣದೋಷಗಳು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ತಿಳಿಯಬೇಕು. ಹಾನಗಲ್ಲಿನ ರೈತನಿಗೆ ತನ್ನ ಊರ ಮಾಳದ ಮೇಲಿನ ಯೋಜನೆ ಸಹಿಯಾಗುವ ಮೊದಲೇ ತಿಳಿಯಬೇಕು. ಅದಕ್ಕೆ ಬೇಕಾದ ಪರಿಭಾಷೆಯನ್ನು ಸಿದ್ಧಗೊಳಿಸುವುದು ಕನ್ನಡ ಪೀಠಗಳ ಪಾಲಿನ ಕೆಲಸ. ಚಾವುಂಡರಾಯನು ತನ್ನ ಕಾಲಕ್ಕೆ ಅದನ್ನು ಮಾಡಿಟ್ಟು ಹೋಗಿದ್ದಾನೆ.